ಅಲುಗಾಡದ ಮುಳ್ಳು

"ಟೆಂಪರೇಚರ್ ಮುಳ್ಳು ಎಲ್ಲಿದೆ ಅಣ್ಣಾ?" ಎಂಜಿನ್ನಿನ ಅಬ್ಬರವನ್ನು ಮೀರಿ ತಂಗಿ ಕೂಗಿದಳು.

"ತೊಂಬತ್ತು! ಅಲ್ಲಾಡ್ತಾನೇ ಇಲ್ಲ!" ಕಾಕ್‌ಪಿಟ್ಟಿನಿಂದ ಅಣ್ಣ ಹೆಬ್ಬೆರಳೆತ್ತಿ ತೋರಿಸಿದ.

ಆದರೆ ಅವಳ ಕಣ್ಣೆದುರೇ, ರೇಡಿಯೇಟರಿನ ಪಕ್ಕದ ಬಾಟಲಿಯಲ್ಲಿ ಎಂಜಿನ್ ತಣಿಸುವ ಹಸಿರು ನೀರು ಗಳಗಳ ಕುದಿಯುತ್ತಿತ್ತು. ತೊಂಬತ್ತು ಡಿಗ್ರಿಗೆ ಅದು ಕುದಿಯಬಾರದು. ಹೊರಬರುವ ಗಾಳಿಯ ಬಿಸಿ ಅಳೆಯಲೆಂದು ಕಾರ್ಖಾನೆಯಿಂದ ತಂದಿದ್ದ ಥರ್ಮಾಮೀಟರನ್ನು ಪೈಪಿಗೆ ಹಿಡಿದಳು. ನೂರ ಹದಿನೆಂಟು. ಇದೇ ಕೆಟ್ಟಿರಬೇಕೆಂದು ಒರೆಸಿ ಮತ್ತೆ ಹಿಡಿದಳು. ನೂರ ಇಪ್ಪತ್ತು. ಎಂಜಿನ್ ನಿಲ್ಲಿಸುವಂತೆ ಎರಡೂ ಕೈ ಬೀಸಿದಳು.

ಅಣ್ಣ ಹಲ್ಲಿನ ಡಾಕ್ಟರು. ಊರಾಚೆಯ ರನ್‌ವೇ ಪಕ್ಕದ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆಯಿಂದ ತನ್ನ ಕೈಯಾರೆ ವಿಮಾನ ಕಟ್ಟುತ್ತಿದ್ದ. ಅದಕ್ಕೆ ಹಳೆಯ ಕಾರೊಂದರ ರೋಟರಿ ಎಂಜಿನ್ ಕೂರಿಸಿದ್ದ. ಪಿಸ್ಟನ್ನಿನ ಬದಲು ಮೂರು ಮೂಲೆಯ ರೋಟರ್ ತಿರುಗುವ ಆ ಎಂಜಿನ್ ಗಾತ್ರದಲ್ಲಿ ಚಿಕ್ಕದು, ತೂಕದಲ್ಲಿ ಹಗುರ. ಬಿಸಿ ಮಾತ್ರ ಮೈತುಂಬ. ಅದನ್ನು ತಣ್ಣಗಿಡುವ ಹೊಣೆ ತಂಗಿಯದು. ಶೈತ್ಯಾಗಾರದ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಅವಳು ಡಿಸೈನರ್. ರೇಡಿಯೇಟರ್ ಎಲ್ಲಿರಬೇಕು, ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗಬೇಕು, ಎಲ್ಲವೂ ಅವಳ ಲೆಕ್ಕಾಚಾರ. ಮೂರು ಡಿಸೈನ್ ಕೈಕೊಟ್ಟಿದ್ದವು. ಹೋದ ಭಾನುವಾರ ನಾಲ್ಕನೆಯದು ಗೆದ್ದಿತ್ತು. ಮುಳ್ಳು ತೊಂಬತ್ತಕ್ಕೆ ಬಂದು ನಿಂತಾಗ ಅಣ್ಣ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ್ದ. ವಾರವೆಲ್ಲ ಅವಳು ಕಾರ್ಖಾನೆಯಲ್ಲಿ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ್ದಳು. ನಾಳೆ ಈ ವಿಮಾನದಲ್ಲಿ ಅಣ್ಣನ ಮೊದಲ ಹಾರಾಟ. ಅದಕ್ಕೆ ಮುಂಚೆ ಇನ್ನಷ್ಟು ಹೊತ್ತು ಎಂಜಿನ್ ಓಡಿಸಿ ನೋಡೋಣ ಎಂದವಳೂ ಅವಳೇ.

ಎಂಜಿನ್ ನಿಂತ ಮೇಲೆ ಅವಳು ಕಾಕ್‌ಪಿಟ್ಟಿನೊಳಗೆ ಬಾಗಿ ಮೀಟರುಗಳ ಹಲಗೆಯ ಸ್ಕ್ರೂ ಬಿಚ್ಚತೊಡಗಿದಳು.

"ಅದನ್ಯಾಕೆ ಬಿಚ್ತೀಯ? ಸೆನ್ಸರ್ ಕೆಟ್ಟಿರುತ್ತೆ, ಹೊಸದು ಹಾಕಿದ್ರಾಯ್ತು ಬಿಡು."

ಅವಳು ಬಿಡಲಿಲ್ಲ. ಎಂಜಿನ್ನಿನಿಂದ ಬರುವ ತಂತಿಯ ನಡುವೆ ಅಕ್ಕಿಕಾಳಿನಷ್ಟು ರೆಸಿಸ್ಟರ್ ಸೇರಿಸಲಾಗಿತ್ತು. ಬಿಸಿ ಎಷ್ಟಿದ್ದರೂ ಮುಳ್ಳು ಅದಕ್ಕಿಂತ ಕಡಿಮೆಯನ್ನೇ ತೋರಿಸಬೇಕು, ಹಾಗೆ. ಹುಳುಕು ಹಲ್ಲು ತುಂಬಿಸುವ ಕೈಯ ನಾಜೂಕು ಆ ಬೆಸುಗೆಯಲ್ಲಿ ಎದ್ದು ಕಾಣುತ್ತಿತ್ತು.

"ಇದು ನಿನ್ನ ಕೆಲಸ."

ಅಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. "ಮುಂದಿನ ತಿಂಗಳು ನನ್ನ ಪೈಲಟ್ ಲೈಸೆನ್ಸ್ ಮುಗಿಯುತ್ತೆ. ಈ ಕಣ್ಣಿಗೆ ಇನ್ನೊಂದ್ಸಲ ಯಾರೂ ಕೊಡಲ್ಲ. ನಿಂಗೆ ಹೇಳಿದ್ರೆ ಐದನೇ ಡಿಸೈನ್ ಶುರು ಮಾಡ್ತೀಯ. ರನ್‌ವೇ ಮೇಲೆ ಒಂದೇ ಒಂದು ಸುತ್ತು. ಅಷ್ಟಕ್ಕೆ ಏನಾಗ್ತಿತ್ತು?"

"ರೋಟರಿನ ಅಂಚಿನ ಸೀಲ್ ಸುಟ್ಟುಹೋಗ್ತಿತ್ತು. ಎಂಜಿನ್ ನಿಂತುಹೋಗ್ತಿತ್ತು." "ನೀನು ಬಿದ್ದಿದ್ರೆ, ನನ್ನ ರೇಡಿಯೇಟರಿಂದಾನೇ ಬಿದ್ದ ಅಂತ ನಾನು ಸಾಯೋವರೆಗೂ ಅಂದ್ಕೊಂಡಿರ್ತಿದ್ದೆ ಅಣ್ಣಾ."

ಅವನು ತಂತಿಗೆ ಕೈಚಾಚಿದ. ಅವಳು ಕೊಡಲಿಲ್ಲ.

"ಹೋದ ಭಾನುವಾರ ನನ್ನ ಎತ್ತಿ ತಿರುಗಿಸಿದ್ಯಲ್ಲ, ಆವಾಗ್ಲೂ ಇದು ಇತ್ತಾ?"

ಅವನು ಕನ್ನಡಕ ಹಾಕಿಕೊಂಡು ನೆಲ ನೋಡಿದ.

ಊಟದ ಡಬ್ಬಿ ಹಿಡಿದು ಒಳಬಂದ ಅತ್ತಿಗೆ, ಬಿಚ್ಚಿದ ಹಲಗೆಯನ್ನೂ ನಾದಿನಿಯ ಕೈಯಲ್ಲಿದ್ದ ತಂತಿಯನ್ನೂ ಕಂಡು ಬಾಗಿಲಲ್ಲೇ ನಿಂತಳು.

"ಗೊತ್ತಾಗೋಯ್ತಾ?" ಎಂದಳು. ಕೇಳಿದ್ದು ಗಂಡನನ್ನು.

ತಂಗಿ ತಿರುಗಿ ನೋಡಿದಳು. "ನೀವಾದ್ರೂ ಒಂದ್ಮಾತು ಹೇಳ್ಬಾರ್ದಿತ್ತಾ ಅತ್ತಿಗೆ?"

"ಏನೂ ಆಗಲ್ಲ ಅಂದ್ರು ಇವ್ರು. ನೀನೂ ಅಷ್ಟು ಖುಷಿಯಾಗಿದ್ದೆ ಕಣೇ..."

ಡಬ್ಬಿಯನ್ನು ಯಾರೂ ತೆರೆಯಲಿಲ್ಲ. ಎಂಜಿನ್ ತಣ್ಣಗಾಗುವವರೆಗೆ ತಂಗಿ ಶೆಡ್ಡಿನ ಹೊರಗೆ ನಿಂತಿದ್ದಳು. ಆಮೇಲೆ ಬಂದು, ಬೇಸಿನ್ ಎಳೆದುಕೊಂಡು ವಿಮಾನದ ಕೆಳಗೆ ಮಲಗಿದಳು. ಅಣ್ಣ ಎಂದಿನಂತೆ ಟಾರ್ಚ್ ಹಿಡಿಯಲು ಬಗ್ಗಿದ.

"ಬೇಡ."

ಅವನು ಟಾರ್ಚ್ ಕೆಳಗಿಟ್ಟು, ರೆಕ್ಕೆ ಹತ್ತಿ ತನ್ನ ಸೀಟಿನಲ್ಲಿ ಕೂತ. ಬೆಲ್ಟಿನ ಬಕಲ್ ಕಟಕ್ಕೆಂದು ಕೂಡಿಕೊಂಡದ್ದು ಅವಳಿಗೆ ಕೇಳಿಸಿತು. ಅವಳು ರೇಡಿಯೇಟರ್ ಪೈಪಿನ ಕ್ಲಿಪ್ ಸಡಿಲಿಸಿದಳು. ಹಸಿರು ನೀರು ಬೇಸಿನ್ನಿಗೆ ಸುರಿಯತೊಡಗಿತು. ಬೇಸಿನ್ ತುಂಬುವವರೆಗೂ ಆ ಬಕಲ್ ಬಿಚ್ಚಿದ ಸದ್ದು ಬರಲಿಲ್ಲ.