ಗಿಡ್ಡ ತೋಳಿನ ಕೋಟು

ಗಂಡಿಗೆ ಸೂಟು ಕೊಡಿಸುವುದು ಹೆಣ್ಣಿನ ಕಡೆಯವರ ಪಾಲಿನ ಕೆಲಸ. ಕೊರಟಗೆರೆಯ ಕಡೆ ಇದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಉಂಗುರ, ವಾಚು, ಸೂಟು, ಮೂರೂ ಮಾವನ ಮನೆಯಿಂದಲೇ ಬರಬೇಕು. ಆರತಕ್ಷತೆಯ ಸಂಜೆ ಒಂದಷ್ಟು ಹೊತ್ತು ಬೆವರು ಕುಡಿದು, ಆಮೇಲೆ ಜೀವಮಾನವಿಡೀ ಬೀರುವಿನಲ್ಲಿ ನುಸಿಗುಳಿಗೆಯ ಪಕ್ಕ ಮಲಗುವ ಬಟ್ಟೆಗೆ ಇಷ್ಟೊಂದು ಮರ್ಯಾದೆ ಯಾಕೋ ಆ ಶಿವನೇ ಬಲ್ಲ.

ಗಗನಾಳ ಹಟ ಬೇರೆಯೇ ಇತ್ತು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ಅವಳಿಗೆ ಬಟ್ಟೆಯ ವಿಷಯದಲ್ಲಿ ಮೂಗಿನ ತುದಿಯಲ್ಲೇ ಕೋಪ. ಈಗ ಎಲ್ಲರಿಗೂ ಹಳೇ ಕಾಲದ ಸೂಟಿನ ಹುಚ್ಚು ಹಿಡಿದಿದೆ: ಅಗಲ ಕಾಲರು, ಅಡಿಯಲ್ಲಿ ಅಗಲವಾಗುವ ಪ್ಯಾಂಟು. ತುಮಕೂರಿನ ಶೋರೂಮುಗಳಲ್ಲಿ ರೆಟ್ರೋ ಅಂತ ಹೆಸರಿಟ್ಟು ಗೊಂಬೆಗಳಿಗೆ ತೊಡಿಸಿ ನಿಲ್ಲಿಸಿದ್ದಾರೆ. ಅದನ್ನು ಮುಟ್ಟಿ ನೋಡಿದ ಗಗನಾ, "ಮೇಲೆ ಮುತ್ತಾತನ ಕಾಲರು, ಒಳಗೆ ಬರೀ ಗೋಂದು. ಮೇಲೆ ಥಳುಕು ಒಳಗೆ ಹುಳುಕು ಅಂದ್ರೆ ಇದೇ" ಅಂದು ಹೊರಗೆ ಬಂದಿದ್ದಳು. ನಿಜವಾದ ಹಳೇ ಕೋಟಿನ ಎದೆಯೊಳಗೆ ದಪ್ಪ ಕ್ಯಾನ್ವಾಸನ್ನು ಕೈಯಲ್ಲಿ ಹೊಲಿದಿರುತ್ತಾರೆ, ಅದು ಐವತ್ತು ವರ್ಷವಾದರೂ ಕುಗ್ಗುವುದಿಲ್ಲ. ತನ್ನ ಗಂಡ ಅಂಥದ್ದನ್ನೇ ಹಾಕಬೇಕು ಅಂತ ಅವಳ ಆಸೆ.

"ಯಾರು ಹಾಕಿದ್ದೋ, ಹಾಕ್ಕೊಂಡೇ ಸತ್ತಿದ್ದೋ! ಹಸೆಮಣೆ ಏರೋ ಹುಡುಗನಿಗೆ ಹೆಣದ ಬಟ್ಟೆ ಹುಡುಕ್ತಾಳಲ್ಲಪ್ಪಾ ಇವಳು" ಎಂದು ತಾಯಿ ಸರೋಜಮ್ಮ ಹಣೆ ಚಚ್ಚಿಕೊಂಡರು. ಗಗನಾ ಕೇಳಲಿಲ್ಲ.

ಹುಡುಗನ ಹೆಸರು ಪ್ರಭುದೇವ್. ಪಾವಗಡದವನು, ಸೋಲಾರ್ ಪಾರ್ಕಿನಲ್ಲಿ ಸೂಪರ್‌ವೈಸರ್. ಮೆಲು ಮಾತು, ದೊಡ್ಡವರು ಬಂದರೆ ಎದ್ದು ನಿಲ್ಲುವ ಸ್ವಭಾವ. ಚಿಕ್ಕಂದಿನಲ್ಲಿ ಹುಣಸೇಮರದಿಂದ ಬಿದ್ದು ಎಡಗೈ ಮುರಿದು, ಅದು ಸರಿಯಾಗಿ ಕೂಡದೆ, ಬಲಗೈಗಿಂತ ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಮೊಳಕೈ ಪೂರ್ತಿ ಮಡಚುತ್ತಿರಲಿಲ್ಲ. ಆದರೂ ಅವನು ಎಡಚ, ಸಹಿ ಹಾಕುವುದೂ ಆ ಕೈಯಲ್ಲೇ. ಇದನ್ನು ಮೊದಲ ಭೇಟಿಯಲ್ಲೇ ಮುಚ್ಚುಮರೆಯಿಲ್ಲದೆ ಹೇಳಿದ್ದ. ಅಷ್ಟು ನೇರವಾಗಿ ಹೇಳಿದ್ದಕ್ಕೇ ಗಗನಾಳಿಗೆ ಅವನು ಹಿಡಿಸಿದ್ದು. ಅವನ ವಯಸ್ಸು ಮೂವತ್ತನಾಲ್ಕು ದಾಟಿತ್ತು. "ಕೆಲಸ ಕೆಲಸ ಅಂತ ಕೂತ್ಬುಟ್ಟ ನಮ್ಮ ನಾಯನ, ಮದ್ವೆ ಮಾತೇ ಎತ್ತಗೊಡಲಿಲ್ಲ" ಎಂದು ಅವನ ತಾಯಿ ಮಗನ ಬೆನ್ನು ಸವರಿ ನಕ್ಕಿದ್ದರು.

ಮನೆ ನೋಡಲು ಹೋದಾಗ ಒಂದು ಸಣ್ಣ ಸಂಗತಿ ನಡೆದಿತ್ತು. ಅಂಗಳದ ನೀರಿನ ಸಂಪಿನ ಬಾಯಿಗೆ ಹೊಸ ಸಿಮೆಂಟಿನ ಚಪ್ಪಡಿ ಹಾಕಿ ಗಾರೆ ಮೆತ್ತಿ, ಅದರ ಮೇಲೆ ಹೂವಿನ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಕಿರಾಣಿ ಅಂಗಡಿಯ ವ್ಯಾಪಾರದಲ್ಲಿ ಎಲ್ಲವನ್ನೂ ಅಳೆದು ನೋಡಿ ರೂಢಿಯಾಗಿದ್ದ ಗಗನಾಳ ತಂದೆ ಬಸವಲಿಂಗಯ್ಯ ದಾರಿಯಲ್ಲಿ ನಗುತ್ತಾ, "ಪಾವಗಡದಾಗೆ ಬಿಂದಿಗೆ ನೀರಿಗೆ ಬಡಿದಾಡೋ ಜನ ಅವ್ರೆ. ಇವ್ರು ನೋಡಿದ್ರೆ ಸಂಪೇ ಮುಚ್ಕೊಂಡು ಕುಂತವ್ರೆ. ಭಾರೀ ಅನುಕೂಲಸ್ಥರು ಬುಡು" ಅಂದಿದ್ದರು. ಎಲ್ಲರೂ ನಕ್ಕಿದ್ದರು.

ಸೂಟಿನ ಮಾತು ಬಂದಾಗ ಪ್ರಭು ಹೇಳಿದ್ದು ಒಂದೇ: "ಹೊಸದೇ ತಗೊಳ್ಳಿ. ನಂಗೆ ಹಳೇದೆಲ್ಲಾ ಆಗಲ್ಲ." ಆಮೇಲೆ ಅವಳ ಮುಖ ನೋಡಿ, "ನಿಮ್ಮಿಷ್ಟ" ಎಂದು ಅಳತೆಗೆ ತನ್ನದೊಂದು ಅಂಗಿ ಕಳಿಸಿಕೊಟ್ಟ. ದರ್ಜಿಯ ಹತ್ತಿರ ಹೋಗಲು ಪುರುಸೊತ್ತಿಲ್ಲದವರು ಎಲ್ಲರೂ ಮಾಡುವುದು ಹಾಗೆಯೇ, ಒಂದು ಅಳತೆ ಅಂಗಿ ಕೊಟ್ಟುಬಿಡುವುದು.

ಆ ಅಂಗಿಯನ್ನು ಚೀಲದಲ್ಲಿಟ್ಟುಕೊಂಡು ತಾಯಿ ಮಗಳು ಶಿರಾಕ್ಕೆ ಹೋದರು. ಅಲ್ಲಿ ಹಳೇ ಗಡಿಯಾರ, ಗ್ರಾಮಾಫೋನು, ಕೋಟುಗಳನ್ನು ಮಾರುವ ಚಾಚಾ ಒಬ್ಬರಿದ್ದರು. ಕಿರಿದಾದ ಅಂಗಡಿ, ಮಸುಕು ಬೆಳಕು, ಧೂಳಿನ ವಾಸನೆ. ಸರೋಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊಸಿಲಿನಲ್ಲೇ ನಿಂತರು. ಗಗನಾ ಒಂದೊಂದೇ ಕೋಟು ಸರಿಸುತ್ತಾ ಹೋದಳು. ಕೊನೆಯಲ್ಲಿ ಕಾಫಿಪುಡಿ ಬಣ್ಣದ, ಅಗಲ ಕಾಲರಿನ ಒಂದು ಸೂಟು ಕೈಗೆ ಸಿಕ್ಕಿತು.

"ಅಸಲಿ ಮಾಲು ಬೇಟಿ. ಐವತ್ತು ವರ್ಷದ್ದು, ಯಾವುದೋ ದೊಡ್ಡ ಮನೇದು" ಅಂದರು ಚಾಚಾ.

ಗಗನಾ ಅಳತೆ ಅಂಗಿಯನ್ನು ಅದರ ಮೇಲೆ ಹರಡಿದಳು. ಭುಜಕ್ಕೆ ಭುಜ ಕೂತಿತು. ಎದೆಗೆ ಎದೆ. ಬಲತೋಳು ಸರಿಯಾಯಿತು. ಎಡತೋಳು ಎಳೆದಾಗ ಅವಳ ಕೈ ನಿಂತಿತು. ಕೋಟಿನ ಎಡತೋಳೂ ಎರಡು ಬೆರಳು ಗಿಡ್ಡವಿತ್ತು.

"ಅಮ್ಮಾ, ಇಲ್ನೋಡು!"

ಸರೋಜಮ್ಮ ಹೊಸಿಲು ದಾಟಿ ಬಂದು ನೋಡಿದರು. ಬೆರಳಿಟ್ಟು ಅಳೆದರು. ಹೆಣದ ಬಟ್ಟೆಯ ಭಯವೆಲ್ಲ ಆ ಕ್ಷಣಕ್ಕೆ ಹಾರಿಹೋಯಿತು. "ಆ ದೇವರೇ ಎತ್ತಿಟ್ಟಂಗೈತೆ ಕಣಮ್ಮ. ಆ ಪುಣ್ಯಾತ್ಮನ್ದೂ ಕೈ ಗಿಡ್ಡ ಇತ್ತೇನೋ" ಎಂದು ಕೈ ಮುಗಿದರು.

ಚಾಚಾ ಮಾತ್ರ ಆ ಅಂಗಿಯನ್ನೇ ನೋಡುತ್ತಾ ನಿಂತಿದ್ದರು. "ಯಾರ್ದು ಬೇಟಿ ಈ ಶರ್ಟು?"

"ನಮ್ಮ ಹುಡುಗನ್ದು. ಮದುವೆ ಮುಂದಿನ ತಿಂಗಳು."

ಚಾಚಾ ಬಾಯಿ ತೆರೆದು ಮತ್ತೆ ಮುಚ್ಚಿದರು. ಚೌಕಾಸಿಗೆ ಸಜ್ಜಾಗಿ ಬಂದಿದ್ದ ಸರೋಜಮ್ಮ ಬಾಯಿ ಬಿಡುವ ಮೊದಲೇ ಚಾಚಾ ತಾವು ಹೇಳಿದ ಬೆಲೆಯಲ್ಲಿ ಅರ್ಧ ಇಳಿಸಿದರು. ತಾಯಿ ಮಗಳು ಅದನ್ನೂ ಶುಭಶಕುನ ಎಂದೇ ತಿಳಿದು ಬಸ್ಸು ಹತ್ತಿದರು.

ಮರುದಿನ ಅಂಗಡಿಯಲ್ಲಿ ಗಗನಾ ಕೋಟನ್ನು ಮೇಜಿನ ಮೇಲೆ ಹಾಸಿ, ಒದ್ದೆ ಬಟ್ಟೆ ಹೊದಿಸಿ, ಇಸ್ತ್ರಿ ಒತ್ತಿದಳು. ಹಬೆ ಎದ್ದಿತು. ಬಟ್ಟೆ ಸರಿಸಿದಾಗ ಕೋಟಿನ ಎದೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಎದ್ದಿದ್ದವು, ಸುಟ್ಟ ಚರ್ಮದ ಮೇಲೆ ಏಳುವ ಬೊಬ್ಬೆಗಳಂತೆ.

ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. ಕೈಹೊಲಿಗೆಯ ಕ್ಯಾನ್ವಾಸು ಹೀಗೆ ಬೊಬ್ಬೆ ಏಳುವುದಿಲ್ಲ. ಗೋಂದಿನಲ್ಲಿ ಅಂಟಿಸಿದ್ದು ಬಿಸಿಗೆ ಬಿಟ್ಟುಕೊಂಡಾಗ ಮಾತ್ರ ಏಳುತ್ತದೆ. ಪ್ಯಾಂಟಿನ ಜಿಪ್ ನೋಡಿದಳು. ಹಳೇ ಪ್ಯಾಂಟುಗಳಂತೆ ಹಿತ್ತಾಳೆಯದ್ದಲ್ಲ, ನೈಲಾನಿನದು. ಒಳಗಿನ ಅಸ್ತರಿ ಬಟ್ಟೆಯ ಪಕ್ಕದ ಹೊಲಿಗೆಯಲ್ಲಿ ಒಗೆಯುವ ಸೂಚನೆಯ ಪಟ್ಟಿಯನ್ನು ಕತ್ತರಿಸಿ ತೆಗೆದ ಮೋಟು ಇತ್ತು. ಇಷ್ಟೆಲ್ಲ ಬಲ್ಲವಳು ಶಿರಾದಲ್ಲಿ ಒಂದನ್ನೂ ನೋಡಿರಲಿಲ್ಲ. ತೋಳು ಸರಿಹೋದ ಸಂತೋಷದಲ್ಲಿ ಕಣ್ಣಿಗೆ ಪೊರೆ ಬಂದಿತ್ತು.

ಬಲಭಾಗದ ಅಸ್ತರಿಯಲ್ಲಿ, ಸೊಂಟಕ್ಕಿಂತ ಕೆಳಗೆ, ಯಾರೋ ಬೇಕೆಂದೇ ಸೇರಿಸಿ ಹೊಲಿದ ಒಂದು ಒಳಜೇಬೂ ಇತ್ತು. ಅಂಚಿನಲ್ಲಿ ಎಷ್ಟು ಮರೆಯಾಗಿತ್ತೆಂದರೆ ಅಂಗೈಯಿಂದ ಸವರಿಕೊಂಡು ಹೋಗುವಾಗಷ್ಟೇ ಅವಳಿಗೆ ಸಿಕ್ಕಿತು. ಯಾವ ದರ್ಜಿಯೂ ಅಂಥ ಕಡೆ ಜೇಬು ಇಡುವುದಿಲ್ಲ. ಒಳಗೆ ಏನೂ ಇರಲಿಲ್ಲ.

ಮನೆಗೆ ಬಂದು, "ಮೋಸ ಹೋದ್ವಮ್ಮ. ಇದು ಹಳೇದಲ್ಲ, ರೆಟ್ರೋ. ಐದಾರು ವರ್ಷದ ಈಚಿನದು" ಅಂದಳು.

ಸರೋಜಮ್ಮನ ಮುಖ ಅರಳಿತು. "ಸದ್ಯ ಬದುಕಿದೆ! ಹಂಗಾದ್ರೆ ಸತ್ತೋರ್ದಲ್ಲ ಬುಡು."

ತಾಯಿಗೆ ನೆಮ್ಮದಿಯಾದ ಜಾಗದಲ್ಲೇ ಗಗನಾಳಿಗೆ ಭಯ ಶುರುವಾಗಿತ್ತು. ಐವತ್ತು ವರ್ಷದ ಹಿಂದೆ ಎಲ್ಲೋ ಒಬ್ಬ ಗಿಡ್ಡ ಕೈಯವನಿದ್ದ ಅಂದರೆ ಅದು ಕಾಕತಾಳೀಯ. ಐದಾರು ವರ್ಷದ ಹಿಂದೆ, ಇದೇ ಸೀಮೆಯಲ್ಲಿ, ಇದೇ ಭುಜ, ಇದೇ ಎದೆ, ಇದೇ ಎರಡು ಬೆರಳು ಗಿಡ್ಡ ತೋಳಿನವನು ಒಬ್ಬ ಸೂಟು ಹೊಲಿಸಿಕೊಂಡಿದ್ದರೆ ಅವನು ಯಾರು? ಸರೋಜಮ್ಮ ಇಲ್ಲಿಯವರೆಗೆ ಸತ್ತವನ ಕೋಟಿಗೆ ಹೆದರಿದ್ದರು. ಬದುಕಿರುವವನ ಕೋಟಿಗೆ ಹೆದರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಮ್ಮ ಕಡೆ ಗಂಡು ಸೂಟು ಹಾಕುವುದಾದರೂ ಯಾವಾಗ? ಮದುವೆಯಲ್ಲಿ.

ಅವಳು ಒಬ್ಬಳೇ ಮತ್ತೆ ಶಿರಾಕ್ಕೆ ಹೋದಳು. ಅವಳನ್ನು ನೋಡಿದ ಕೂಡಲೇ ಚಾಚಾ ಸ್ಟೂಲು ಎಳೆದು ಹಾಕಿದರು, ಕಾಯುತ್ತಿದ್ದವರ ಹಾಗೆ.

"ಹಳೇದು ಅಂದ್ರೆ ನೀವು ತಗೊಂತೀರಿ ಅಂತ ಸುಳ್ಳು ಹೇಳ್ದೆ ಬೇಟಿ, ಮಾಫ್ ಮಾಡು. ಒಬ್ಬ ಮುದುಕಮ್ಮ ತಂದುಕೊಟ್ಟಿದ್ದು. ಕಾಸು ಕೊಟ್ರೆ ಮುಟ್ಟಲಿಲ್ಲ. ರಾಯಚರ್ಲು ಅನ್ನೋ ಊರಿನ ಕಡೆಯೋರು ಅಂದ್ರು. ಅಳಿಯನಿಗೆ ನಾವೇ ಕೊಡಿಸಿದ ಸೂಟು ಅಂದ್ರು. ಮಗಳು ಹೋದ ಮೇಲೆ ಗಂಡನ ಮನೆಯೋರು ಅವಳ ಮಂಚ, ಪಾತ್ರೆ, ಟ್ರಂಕು ಎಲ್ಲಾ ವಾಪಸ್ ಕಳಿಸಿದ್ರಂತೆ. ಅವಸರದಾಗೆ ಟ್ರಂಕಿನ ತಳದಾಗಿದ್ದ ಇದೂ ಬಂದ್ಬುಡ್ತಂತೆ."

"ಮಗಳು ಹೆಂಗೆ ಹೋದ್ರಂತೆ?"

ಚಾಚಾ ಬೀದಿಯ ಕಡೆ ನೋಡಿದರು. "ನೀರು ತೆಗೆಯೋಕೆ ಹೋಗಿ ಸಂಪಿಗೆ ಜಾರಿ ಬಿದ್ಲು ಅಂತ ಗಂಡನ ಮನೆಯೋರು ಹೇಳಿದ್ರಂತೆ. ನಮ್ಮ ಹುಡುಗಿ ಬಾವೀಲಿ ಈಜು ಕಲ್ತೋಳು, ಸಂಪಿನಾಗೆ ಹೆಂಗೆ ಸಾಯ್ತಾಳೆ ಅಂತ ಆ ಮುದುಕಮ್ಮ ಇದೇ ಸ್ಟೂಲ್ ಮೇಲೆ ಕುಂತು ಅತ್ರು. ತೋಳು ಸರಿ ಮಾಡ್ಬೇಡ, ಹಿಂಗೇ ತೂಗ್ಹಾಕು ಅಂದ್ರು. ಯಾಕೆ ಅಂತ ನಂಗೆ ತಿಳೀಲಿಲ್ಲ. ಅವತ್ತು ನಿಮ್ಮ ಶರ್ಟು ನೋಡಿದಾಗ ತಿಳೀತು, ಇನ್ನೊಂದು ಹೆಣ್ಣಿನ ಕಡೆಯೋರಿಗೆ ಗುರುತು ಸಿಗ್ಲಿ ಅಂತ. ನಾಲಗೆ ತುದೀಗೆ ಬಂತು ಬೇಟಿ. ನಿಮ್ಮಮ್ಮ ಅಷ್ಟು ಖುಷಿಯಾಗಿದ್ರು, ಹೆಂಗೆ ಹೇಳ್ಲಿ?"

ವಾಪಸು ಬರುವ ಬಸ್ಸಿನಲ್ಲಿ ಗಗನಾಳ ಕಣ್ಣ ಮುಂದೆ ಇದ್ದದ್ದು ಆ ಸಿಮೆಂಟಿನ ಚಪ್ಪಡಿ, ಅದರ ಮೇಲಿನ ಕುಂಡಗಳು. ಆ ಮನೆಯವರು ಅಂದು ಅದೇ ಕುಂಡಗಳಿಂದ ಒಂದು ಗುಲಾಬಿ ಕಿತ್ತು ಅವಳ ಮುಡಿಗೆ ಕೊಟ್ಟಿದ್ದರು. ಅವಳು ತನಗೇ ತಿಳಿಯದೆ ಕೈಯಿಂದ ಜಡೆ ಸವರಿಕೊಂಡಳು.

ಬಸವಲಿಂಗಯ್ಯ ಎಲ್ಲವನ್ನೂ ಕೇಳಿದರು. ಅವರ ಮುಖ ಕಪ್ಪಿಟ್ಟಿತು, ಆದರೆ ಮನಸ್ಸು ಒಪ್ಪಲಿಲ್ಲ. "ಹೆಸರು ಗೊತ್ತಿಲ್ಲ, ಊರು ಸರಿಯಾಗಿ ಗೊತ್ತಿಲ್ಲ. ಒಂದು ಕೋಟಿನ ಮಾತು ಕಟ್ಕೊಂಡು ಲಗ್ನ ಮುರಿಯೋಕಾಯ್ತದಾ ಮಗಾ? ಕಾರ್ಡು ಹಂಚಾಗೈತೆ. ಸುಳ್ಳಾದ್ರೆ ಆ ಹುಡುಗನ ಮಾನ ಏನಾಗ್ಬೇಕು? ನಾಳೆ ಹೆಂಗೂ ಕೋಟು ಹಾಕಿ ನೋಡೋಕೆ ಬರ್ತಾನಲ್ಲ. ಮುಖ ನೋಡಾನ. ಮುಖ ಸುಳ್ಳು ಹೇಳಲ್ಲ. ನಿಮ್ಮಮ್ಮನಿಗೆ ಮಾತ್ರ ಏನೂ ಹೇಳ್ಬೇಡ."

ಮಾರನೆಯ ದಿನ ಬೆಳಿಗ್ಗೆ ಪ್ರಭುದೇವ್ ಬಂದ. ಹಿರಿಯರ ಕಾಲಿಗೆ ನಮಸ್ಕರಿಸಿದ. ಗಗನಾ ಕೋಟನ್ನು ಹ್ಯಾಂಗರಿನಿಂದ ತೆಗೆದು ಅವನ ಮುಂದೆ ಹಿಡಿದಳು.

ಅವನ ಮುಖದಲ್ಲಿ ಏನೂ ಕದಲಲಿಲ್ಲ. "ಪರವಾಗಿಲ್ವೇ, ಚೆನ್ನಾಗೈತೆ. ಎಲ್ಲಿ ಸಿಕ್ತು?"

"ಶಿರಾದಲ್ಲಿ. ಹಳೇ ಬಟ್ಟೆ ಅಂಗಡೀಲಿ" ಅಂದಳು ಗಗನಾ. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ.

ಅವನು ಕೋಟು ತೊಟ್ಟ. ಕನ್ನಡಿಯ ಮುಂದೆ ನಿಂತು, ಗಿಡ್ಡ ತೋಳು ಸರಿಯಾಗಿ ಕೂತದ್ದನ್ನು ನೋಡಿ, "ಅರೆ! ನನ್ನಂಥ ಇನ್ನೊಬ್ಬ ಇದ್ನಾ?" ಎಂದು ಮನಸಾರೆ ನಕ್ಕ. ಸರೋಜಮ್ಮ ದೃಷ್ಟಿ ತೆಗೆದು ಲಟಿಕೆ ಮುರಿದರು. ಬಸವಲಿಂಗಯ್ಯ ದೊಡ್ಡ ಉಸಿರು ಬಿಟ್ಟು ಮಗಳ ಕಡೆ ನೋಡಿದರು. ನೋಡಿದೆಯಾ, ಅನ್ನುವಂತಿತ್ತು ಆ ನೋಟ. ಗಗನಾಳಿಗೆ ನಾಚಿಕೆಯಾಯಿತು. ಯಾರದೋ ಮನೆಯ ಗೋಳನ್ನು ತಂದು ಈ ಮನುಷ್ಯನ ತಲೆಗೆ ಕಟ್ಟಿದೆನಲ್ಲ ಅನ್ನಿಸಿತು. ನಿಜ ಹೇಳಬೇಕೆಂದರೆ, ಹಾಗೆ ಅನ್ನಿಸಿದ್ದರಿಂದ ಜೀವಕ್ಕೆ ಹಾಯೆನಿಸಿತು.

ಆಗ ಅವನ ಮೊಬೈಲು ಹೊಡೆದುಕೊಂಡಿತು. "ಅಮ್ಮ. ಆಮೇಲೆ ಮಾಡ್ತೀನಿ" ಎಂದು ಕರೆ ಕತ್ತರಿಸಿದ. ಕನ್ನಡಿಯಲ್ಲಿ ಕಾಲರು ನೋಡಿಕೊಳ್ಳುತ್ತಲೇ, ಮೊಬೈಲು ಹಿಡಿದ ಎಡಗೈಯನ್ನು ಕೋಟಿನ ಬಲ ಅಂಚಿನೊಳಕ್ಕೆ ತಂದ. ಕೈ ತಡವಲಿಲ್ಲ, ಹುಡುಕಲಿಲ್ಲ. ಸೊಂಟಕ್ಕಿಂತ ಕೆಳಗೆ, ಪೂರ್ತಿ ಮಡಚದ ಆ ಮೊಳಕೈಗೆ ಸರಿಯಾಗಿ ಎಟುಕುವ ಕಡೆ, ಮೊಬೈಲು ಒಳಗೆ ಇಳಿಯಿತು.

ಗಗನಾಳಿಗೆ ಆ ಜೇಬು ಅಲ್ಲಿ ಯಾಕಿತ್ತು ಎಂಬುದು ಆಗ ತಿಳಿಯಿತು.

ಅವನು ಕನ್ನಡಿಯಲ್ಲಿ ಅವಳ ಮುಖ ನೋಡಿದ. ಕೈ ಇನ್ನೂ ಜೇಬಿನಲ್ಲೇ ಇತ್ತು. ಬಸವಲಿಂಗಯ್ಯ ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ನಿಂತುಬಿಟ್ಟರು. ಹಿತ್ತಲಿನಲ್ಲಿ ಯಾರೋ ಬಿಂದಿಗೆ ತೊಳೆಯುವ ಸದ್ದು ಕೇಳಿಸುತ್ತಿತ್ತು.

ಪ್ರಭುದೇವ್ ನಿಧಾನವಾಗಿ ತಿರುಗಿದ. ಮುಖದಲ್ಲಿ ನಗು ಇರಲಿಲ್ಲ, ಕೋಪವೂ ಇರಲಿಲ್ಲ. ಅದೇ ಮೆಲು ದನಿಯಲ್ಲಿ ಕೇಳಿದ:

"ರಾಯಚರ್ಲು ಮುದುಕಿ ಏನೇನು ಹೇಳಿದ್ಲು?"

ಏನೂ ತಿಳಿಯದ ಸರೋಜಮ್ಮ, "ಯಾವ ಮುದುಕಿ?" ಎಂದು ಒಬ್ಬೊಬ್ಬರ ಮುಖವನ್ನೇ ನೋಡಿದರು. ಬಸವಲಿಂಗಯ್ಯ ಹೋಗಿ ಬೀದಿ ಬಾಗಿಲನ್ನು ಪೂರ್ತಿ ತೆರೆದು, ಬಾಗಿಲ ಪಕ್ಕದಲ್ಲಿ ನಿಂತರು.

ಅವನು ಕೋಟಿನ ಗುಂಡಿಗೆ ಕೈ ಹಾಕಿದ.

"ಬಿಚ್ಬೇಡಿ" ಅಂದಳು ಗಗನಾ. "ಕೋಟು ನಿಮ್ಮದೇ. ಹಾಕ್ಕೊಂಡೇ ಹೋಗಿ."

ಅವನು ಅವಸರ ಮಾಡಲಿಲ್ಲ. ಸರೋಜಮ್ಮ ಮೇಜಿನ ಮೇಲೆ ಇಟ್ಟಿದ್ದ ಕಾಫಿ ಲೋಟವನ್ನು ಬಲಗೈಯಲ್ಲಿ ಎತ್ತಿ, ನಿಂತುಕೊಂಡೇ ಕೊನೆಯ ಗುಟುಕಿನವರೆಗೆ ಕುಡಿದ. ಆಮೇಲೆ ಚಪ್ಪಲಿ ಮೆಟ್ಟಿ, ಆ ಬಿಸಿಲಿನಲ್ಲಿ ಕೋಟು ತೊಟ್ಟುಕೊಂಡೇ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ.