ಒಂಬತ್ತು ಮೇಜುಗಳ ಹಾಜರಿ

ಒತ್ತಿಬಿಟ್ಟ. ಪರದೆಯ ಮೂಲೆಯಲ್ಲಿ ‘ಇದ್ದೀರಾ?’ ಎಂಬ ಪ್ರಶ್ನೆ ಮೂಡಿ ನಾಲ್ಕು ಸೆಕೆಂಡೂ ಆಗಿರಲಿಲ್ಲ, ಅವನ ಬೆರಳುಗಳು ಓರೆಗೆರೆ ಹಾಕಿ ‘/ಇದ್ದೇನೆ’ ಎಂದು ಬರೆದು ಮುಗಿಸಿದ್ದವು. ಹಸಿರು ಚುಕ್ಕೆ ಬಿತ್ತು. ಬೆಳಗಿನ ಹತ್ತು ಗಂಟೆ ಏಳು ನಿಮಿಷಕ್ಕೆ ತಾನು ಇದ್ದದ್ದು ಈಗ ದಾಖಲೆಯಾಗಿತ್ತು. ಇನ್ನು ಯಾರಪ್ಪನಿಂದಲೂ ಅದನ್ನು ಇಲ್ಲವೆನ್ನಿಸಲು ಸಾಧ್ಯವಿರಲಿಲ್ಲ.

ಇವತ್ತು ನಲವತ್ತನೆಯ ದಿನ. ಬೆಳಗ್ಗೆ ಎದ್ದಾಗಿನಿಂದ ಮೈಯಲ್ಲಿ ಏನೋ ಪುಳಕ. ಹಲ್ಲುಜ್ಜುವಾಗ ಸಿಳ್ಳೆ ಹಾಕಿದ್ದ. ಹೆಂಡತಿ ಬಾಗಿಲ ಹತ್ತಿರ ನಿಂತು ಅವನನ್ನೇ ನೋಡಿ ಒಳಗೆ ಹೋಗಿದ್ದಳು.

ಮಿಕ್ಸಿ, ಫ್ಯಾನು, ನೀರೆತ್ತುವ ಪಂಪು, ಇವುಗಳ ಪೆಟ್ಟಿಗೆಯಲ್ಲಿ ಯಾರೂ ಓದದ ಒಂದು ಪುಸ್ತಿಕೆ ಇರುತ್ತದಲ್ಲ, ಅದನ್ನು ತಯಾರಿಸುವ ಕಚೇರಿ ಅದು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ ಅವನು ಹನ್ನೆರಡು ವರ್ಷಗಳಿಂದ ಅದರ ಎರಡನೆಯ ಪುಟ ಬರೆಯುತ್ತಿದ್ದ. ಒದ್ದೆ ಕೈಯಿಂದ ಮುಟ್ಟಬೇಡಿ. ಓಡುತ್ತಿರುವಾಗ ಮುಚ್ಚಳ ತೆಗೆಯಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ವಿಭಾಗದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಎಚ್ಚರಿಕೆ’ ಎಂದೇ.

ಎರಡು ತಿಂಗಳ ಹಿಂದೆ ಮ್ಯಾನೇಜರು ಎಲ್ಲರ ಕಂಪ್ಯೂಟರಿನಲ್ಲೂ ಒಂದು ಚಾಟ್ ಬಾಟ್ ತಂದು ಕೂರಿಸಿದರು. ಅದರ ಹೆಸರು ಗೆಳೆಯ. ಬಂದ ಕೂಡಲೇ ‘/ಬಂದೆ’ ಅನ್ನಬೇಕು, ಊಟಕ್ಕೆದ್ದರೆ ‘/ಊಟ’, ಸಂಜೆ ‘/ಹೊರಟೆ’. ನಡುವೆ ಗಂಟೆಗೊಮ್ಮೆ, ತನಗೆ ಮನಸ್ಸು ಬಂದ ನಿಮಿಷದಲ್ಲಿ, ಗೆಳೆಯ ಟಿಣ್ ಎಂದು ಸದ್ದು ಮಾಡಿ ‘ಇದ್ದೀರಾ?’ ಎಂದು ಕೇಳುತ್ತಾನೆ. ಮೂರು ನಿಮಿಷದೊಳಗೆ ಅವರವರ ಮೇಜಿನಿಂದಲೇ ಉತ್ತರ ಹೋಗಬೇಕು. ಹೋದರೆ ಗೋಡೆಯ ದೊಡ್ಡ ಪರದೆಯಲ್ಲಿ ಹೆಸರಿನ ಮುಂದೆ ಹಸಿರು. ಹೋಗದಿದ್ದರೆ ಕೆಂಪು, ಅದರ ಪಕ್ಕದಲ್ಲಿ ‘ಇಲ್ಲ’.

ಮೊದಲ ವಾರ ಎಲ್ಲರೂ ಮ್ಯಾನೇಜರಿಗೆ ಹಿಡಿಶಾಪ ಹಾಕಿದರು. ಅವನೂ ಅವರ ಜೊತೆ ತಲೆಯಾಡಿಸಿದ. ಒಳಗೊಳಗೇ ಅವನಿಗೆ ಖುಷಿಯಾಗಿತ್ತು. ಹನ್ನೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಮ್ಯಾನೇಜರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, “ಎ.ಸಿ. ರಿಪೇರಿಗೆ ಬಂದಿದ್ದೀರಾ?” ಎನ್ನುತ್ತಿದ್ದರು. ಎರಡು ಸಲ ಅವನು ಹೌದು ಎಂದೂ ಬಿಟ್ಟಿದ್ದ.

ಆಮೇಲೆ ಮ್ಯಾನೇಜರು ಇನ್ನೊಂದು ಮಾತು ಸೇರಿಸಿದರು. ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಿದೆ. ನಲವತ್ತು ದಿನ ಒಂದೂ ಕೆಂಪು ಬೀಳದವರಿಗೆ ಅದು. ಅಂಥವರು ಒಬ್ಬರಿಗಿಂತ ಹೆಚ್ಚಿದ್ದರೆ ಎಲ್ಲರಿಗಿಂತ ಹಳಬರಿಗೆ. ಅವನಿಗಿಂತ ಹಳಬರು ಆ ಕೋಣೆಯಲ್ಲಿ ಗೋಡೆ ಗಡಿಯಾರವೊಂದೇ. ಮೂವತ್ತೊಂಬತ್ತು ದಿನ ಅವನ ಸಾಲು ಹಸಿರಾಗಿತ್ತು. ಮೂತ್ರಕ್ಕೆ ಹೋಗುವುದನ್ನೂ ಪ್ರಶ್ನೆ ಬಂದುಹೋದ ಮೇಲೆಯೇ ಎಂದು ಇಟ್ಟುಕೊಂಡಿದ್ದ.

ಒಂದು ಗಂಟೆಗೆ ಹೆಂಡತಿಯ ಫೋನು.

“ನಾಲ್ಕು ಗಂಟೆಗೆ,” ಎಂದಳು.

“ಗೊತ್ತು.”

“ಬರ್ತೀರಾ?”

“ನೋಡ್ತೀನಿ.”

“ಏನೂ ಮಾಡ್ಬೇಕಾಗಿಲ್ಲ. ಬಂದು ಸುಮ್ನೆ ನಿಂತ್ರೆ ಸಾಕು. ಎರಡು ಸಲಾನೂ ಒಬ್ಳೇ ಹೋಗಿ ಫೇಲಾಗಿದೀನಿ.”

“ಕೆಲ್ಸ ಇದೆ ಕಣೆ.”

“ಯಾವಾಗ ಇರಲ್ಲ?”

ಅವಳ ಡ್ರೈವಿಂಗ್ ಪರೀಕ್ಷೆ. ಮೈದಾನ ಕಚೇರಿಯಿಂದ ಬಿರುಸಾಗಿ ನಡೆದರೆ ಹದಿನಾಲ್ಕು ನಿಮಿಷ. ಅವನು ಕಾಗದದ ಮೇಲೆ ಲೆಕ್ಕ ಹಾಕಿದ. ಮೂರರ ಗಂಟೆಯ ಪ್ರಶ್ನೆ ಬೇಗ ಬಂದುಬಿಟ್ಟರೆ ನಾಲ್ಕರವರೆಗೆ ಅವನು ಸ್ವತಂತ್ರ. ಆ ಪದ ಮನಸ್ಸಿಗೆ ಬಂದದ್ದಕ್ಕೆ ಅವನಿಗೇ ನಗು ಬಂತು.

ಪ್ರಶ್ನೆ ಮೂರು ಇಪ್ಪತ್ತಕ್ಕೆ ಬಂತು. ಉತ್ತರ ಒತ್ತಿದವನೇ ಎದ್ದ. ಕಂಪ್ಯೂಟರನ್ನು ತೆರೆದಿದ್ದಂತೆಯೇ ಬಿಟ್ಟು ಮೂರು ಮಹಡಿಯ ಮೆಟ್ಟಿಲುಗಳನ್ನು ದಡದಡನೆ ಇಳಿದ. ಬೀದಿಯಲ್ಲಿ ಬಿಸಿಲು ಬಿದ್ದಿತ್ತು. ಈ ಹೊತ್ತಿನಲ್ಲಿ ಬೀದಿ ಹೇಗಿರುತ್ತದೆಂದು ಅವನಿಗೆ ಮರೆತೇಹೋಗಿತ್ತು. ಜನ ನಡೆಯುತ್ತಿದ್ದರು, ಅಂಗಡಿಯವನೊಬ್ಬ ಆಕಳಿಸುತ್ತಿದ್ದ, ಇವರನ್ನೆಲ್ಲ ಯಾರೂ ಏನೂ ಕೇಳುತ್ತಿರಲಿಲ್ಲ. ಅವನು ಓಡಿಯೇಬಿಟ್ಟ. ಟೈ ಹೆಗಲ ಮೇಲೆ ಹಾರುತ್ತಿತ್ತು. ಕಾಲೇಜು ಬಿಟ್ಟ ಮೇಲೆ ಇಷ್ಟು ಸಂತೋಷದಿಂದ ಓಡಿದ ನೆನಪೇ ಅವನಿಗಿರಲಿಲ್ಲ.

ತಂತಿ ಬೇಲಿಯಾಚೆ ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು. ಬೆನ್ನು ಈ ಕಡೆಗೆ. ಅವಳ ಮುಂದೆ ಇನ್ನೂ ಆರೇಳು ಜನರ ಸರದಿ ಇತ್ತು. ಎರಡೂ ಕೈ ಮುಂದೆ ಚಾಚಿ ಇಲ್ಲದ ಸ್ಟೇರಿಂಗ್ ತಿರುಗಿಸುತ್ತ, ಚಪ್ಪಲಿ ಬಿಟ್ಟ ಪಾದಗಳಿಂದ ನೆಲವನ್ನು ಒತ್ತುತ್ತಿದ್ದಳು. ಎಡಗಾಲು ಕ್ಲಚ್ಚು, ಬಲಗಾಲು ಬ್ರೇಕು. ಒಮ್ಮೆ ಇಲ್ಲದ ಕಾರಿನ ಇಲ್ಲದ ಕನ್ನಡಿಯನ್ನೂ ಸರಿಮಾಡಿದಳು. ಎಷ್ಟು ವರ್ಷವಾಗಿತ್ತು ಇವಳನ್ನು ಹೀಗೆ ನೋಡಿ!

ಕರೆಯಬಹುದಿತ್ತು. ಕರೆದರೆ ಇರಿ ಎನ್ನುತ್ತಾಳೆ. ಅವನು ಕರೆಯಲಿಲ್ಲ. ಮೂರು ನಲವತ್ತಾರಕ್ಕೆ ಹೊರಡಬೇಕಿತ್ತು, ಇನ್ನೊಂದು ನಿಮಿಷ ಎನ್ನುತ್ತ ಐವತ್ತೆಂಟು ಮಾಡಿಕೊಂಡ. ಆಮೇಲೆ ಎದ್ದೆನೋ ಬಿದ್ದೆನೋ ಎಂದು ಹಿಂದಕ್ಕೆ ಓಡಿದ.

ಮೇಜು ಮುಟ್ಟಿದಾಗ ನಾಲ್ಕು ಎಂಟು. ಪ್ರಶ್ನೆ ನಾಲ್ಕು ಮೂರಕ್ಕೇ ಬಂದುಹೋಗಿತ್ತು. ಗೋಡೆಯ ಕಡೆ ನೋಡಲು ಧೈರ್ಯ ಸಾಲದೆ ಅವನು ಕಣ್ಣುಮುಚ್ಚಿದ. ತೆರೆದು ನೋಡಿದರೆ ಅವನ ಸಾಲು ಹಸಿರಾಗಿತ್ತು.

“ನಾನೇ ಒತ್ತಿದೆ,” ಎಂದಳು ಪಕ್ಕದ ಮೇಜಿನ ಚಿತ್ರಗಾರ್ತಿ. ಪುಸ್ತಿಕೆಗೆ ಪ್ಲಗ್ಗು, ವೈರು, ಅವುಗಳ ಮೇಲೊಂದು ‘ಬೇಡ’ ಎಂಬ ಕಾಟು ಗುರುತು, ಇಂಥ ಚಿತ್ರಗಳನ್ನು ಬರೆಯುವವಳು. “ಸುತ್ತು ಹೋಗ್ತಾ ಇದ್ದೆ. ನಿಮ್ಮ ಕುರ್ಚೀನೂ ಖಾಲಿ ಇತ್ತು. ಹಾಗೇ ನಿಮ್ದೂ ಒತ್ಬಿಟ್ಟೆ.”

“ಯಾವ ಸುತ್ತು?”

ಅವಳು ಅವನ ಮುಖ ನೋಡಿದಳು. “ಅಯ್ಯೋ ಎಚ್ಚರಿಕೆ ಸಾರ್, ನಿಮಗೆ ಗೊತ್ತೇ ಇಲ್ವಾ?”

ಗೊತ್ತಿರಲಿಲ್ಲ. ಎಂಟು ಜನರ ನಡುವೆ ಪಾಳಿ ಇತ್ತು. ಗಂಟೆಗೊಬ್ಬರು ಕೋಣೆಯಲ್ಲಿ ಉಳಿದು, ಟಿಣ್ ಎಂದ ಕೂಡಲೇ ಎಂಟು ಮೇಜಿಗೂ ಹೋಗಿ ಎಂಟು ಜನರ ‘/ಇದ್ದೇನೆ’ ಒತ್ತಬೇಕು. ಮಿಕ್ಕವರು ಎಲ್ಲಿಗಾದರೂ ಹೋಗಲಿ. ಅವಳು ಈಜು ಕಲಿಯುತ್ತಿದ್ದಳು. ಪ್ರೂಫ್ ನೋಡುವವನು ಮನೆಗೆ ಹೋಗಿ ಒಂದು ನಿದ್ದೆ ಹೊಡೆದು ಬರುತ್ತಿದ್ದ. ಮೇಜುಗಳ ನಡುವೆ ಕತ್ತಿನೆತ್ತರದ ತಡಿಕೆಗಳಿದ್ದವು. ಪ್ರಶ್ನೆ ಬಂದಾಗಲೆಲ್ಲ ಸುತ್ತಲೂ ಕೀಲಿಗಳ ಸದ್ದು ಕೇಳಿ, ಇಡೀ ಕೋಣೆ ತನ್ನ ಜೊತೆ ಒಂದೇ ದನಿಯಲ್ಲಿ ಉತ್ತರಿಸುತ್ತಿದೆ ಎಂದು ಅವನು ರೋಮಾಂಚನಗೊಂಡದ್ದುಂಟು.

“ನಂಗ್ಯಾಕೆ ಹೇಳ್ಲಿಲ್ಲ?”

“ನೀವು ಯಾವಾಗ್ಲೂ ಇರ್ತೀರಲ್ಲ. ಬೇಕಾಗಲ್ಲ ಅಂದ್ಕೊಂಡ್ವಿ.”

ಸಿಟ್ಟು ಬರಬೇಕಿತ್ತು. ಬದಲಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ಒಂಬತ್ತೂ ಸಾಲು ಹಸಿರು! ಆದರೂ ಎಲ್ಲರಿಗಿಂತ ಹಳಬ ತಾನೇ, ಕುರ್ಚಿ ತನ್ನದೇ. ಕೊನೆಯ ಒಂದು ಪ್ರಶ್ನೆ ಬಾಕಿ.

“ಐದರ ಪಾಳಿ ಯಾರದು?” ಎಂದು ಕೇಳಿದ.

“ಇವತ್ತು ಅದೂ ನಂದೇ. ಯಾಕೆ?”

“ನಂಗೆ ಕೊಡಿ. ಎಲ್ಲಾ ಹೊರಡಿ. ಎಂಟು ಜನಾನೂ.”

“ಗ್ಯಾರಂಟಿನಾ?”

“ಗ್ಯಾರಂಟಿ.”

ಅವಳು ಅವನ ಬೆನ್ನು ತಟ್ಟಿದಳು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ತನಗೊಂದು ಪಾಳಿ ಸಿಕ್ಕಿತೆಂದು ಅವನು ಹಿಗ್ಗಿಹೋದ.

ಮುಕ್ಕಾಲು ಗಂಟೆಯಲ್ಲಿ ಕೋಣೆ ಬರಿದಾಯಿತು. ಅಷ್ಟರಲ್ಲಿ ಹೆಂಡತಿಯ ಫೋನು.

“ಪಾಸು!” ಎಂದು ಕಿರುಚಿದಳು. “ಒಂದು ಕಂಬಕ್ಕೂ ತಾಗಿಸ್ಲಿಲ್ಲ.”

“ನೋಡಿದೆಯಾ, ನಾನು ಹೇಳಿರ್ಲಿಲ್ವಾ?”

“ನೀವು ಏನೂ ಹೇಳಿರ್ಲಿಲ್ಲ. ಬರ್ಲೂ ಇಲ್ಲ.”

“ಬಂದಿದ್ದೆ. ಬೇಲಿ ಹತ್ರ ನಿಂತಿದ್ದೆ. ನೀನು ಬೆಂಚ್ ಮೇಲೆ ಕೂತು ಬರಿಗಾಲಲ್ಲಿ ಬ್ರೇಕ್ ಒತ್ತಿದ್ದೆ.”



“ಕರೀಬಾರ್ದಿತ್ತಾ?”

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

“ಹೋಗ್ಲಿ ಬಿಡಿ,” ಎಂದಳು. “ಡ್ರೈವಿಂಗ್ ಟೀಚರು ಕಾರು ಕೊಟ್ಟಿದಾರೆ, ಅವರೂ ಪಕ್ಕದಲ್ಲೇ ಇರ್ತಾರೆ. ನಿಮ್ಮ ಆಫೀಸಿನ ಮುಂದೇನೇ ಬರ್ತೀನಿ. ಹಾರ್ನ್ ಹೊಡೀತೀನಿ, ಕಿಟಕಿ ಹತ್ರ ಬಂದು ಒಂದ್ಸಲ ಕೈ ಬೀಸಿ. ಅಷ್ಟು ಸಾಕು. ಬೀಸ್ತೀರಲ್ಲ?”

“ಖಂಡಿತ.”

“ಯಾವ ಮಹಡಿ ನಿಮ್ದು?”

ಇವಳಿಗೆ ಗೊತ್ತಿಲ್ಲವೇ ಎಂದುಕೊಂಡ. ತಾನು ಹೇಳಿದ್ದೆನೇ ಎಂದೂ ಅನುಮಾನವಾಯಿತು. “ಮೂರನೇದು,” ಎಂದ.

ಐದು ಇಪ್ಪತ್ತಕ್ಕೆ ಒಂಬತ್ತು ಕಂಪ್ಯೂಟರುಗಳಿಂದಲೂ ಒಟ್ಟಿಗೆ ಟಿಣ್ ಎಂದು ಸದ್ದಾಯಿತು. ಇದ್ದೀರಾ? ಇದ್ದೀರಾ? ಅವನು ಚಂಗನೆ ಎದ್ದ. ತನ್ನದನ್ನು ಕಡೆಗಿಟ್ಟುಕೊಂಡ, ಸಿಹಿಯನ್ನು ಕಡೆಗಿಟ್ಟುಕೊಳ್ಳುವ ಹಾಗೆ. ಮೊದಲು ಚಿತ್ರಗಾರ್ತಿಯ ಮೇಜು: /ಇದ್ದೇನೆ. ಪ್ರೂಫಿನವನದು: /ಇದ್ದೇನೆ. ಕುರ್ಚಿಗಳನ್ನು ಸೊಂಟದಿಂದ ಪಕ್ಕಕ್ಕೆ ತಳ್ಳುತ್ತ, ಬೆವರುತ್ತ, ನಗುತ್ತ ಓಡಿದ. ಗೋಡೆಯ ಮೇಲೆ ಒಂದೊಂದೇ ಹಸಿರು ಹತ್ತಿಕೊಂಡಿತು. ಎಂಟನೆಯ ಮೇಜು ಮುಗಿದಾಗ ಇನ್ನೂ ಐವತ್ತು ಸೆಕೆಂಡು ಉಳಿದಿತ್ತು. ತನ್ನ ಮೇಜು ಹತ್ತು ಹೆಜ್ಜೆ.

ಆಗ ಕೆಳಗೆ ಹಾರ್ನ್ ಕೇಳಿಸಿತು. ಚಿಕ್ಕದಾಗಿ ಎರಡು ಸಲ, ಆಮೇಲೆ ಉದ್ದಕ್ಕೆ ಒಂದು.

ಕಿಟಕಿ ಹತ್ತಿರವೇ ಇತ್ತು. ಒಂದು ಸಲ ಬೀಸಿ ಬಂದರಾಯಿತು ಎಂದು ಅತ್ತ ಹಾರಿದ. ಕೆಳಗೊಂದು ಹಳದಿ ಕಾರು. ಸ್ಟೇರಿಂಗಿನ ಹಿಂದಿನಿಂದ ಹೆಂಡತಿ ಅರ್ಧ ಮೈ ಹೊರಹಾಕಿ ಮೇಲಕ್ಕೆ ನೋಡುತ್ತಿದ್ದಳು. ಮುಖವೆಲ್ಲ ನಗೆ. ಅವನು ಎರಡೂ ಕೈ ಬೀಸಿದ. ಅವಳ ಕಣ್ಣು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಅಲೆಯುತ್ತಿತ್ತು. ಆ ಕಟ್ಟಡದ ಮೂರನೆಯ ಮಹಡಿಯ ಗಾಜು ತೆರೆಯುವಂಥದ್ದಲ್ಲ, ಹೊರಗಿನಿಂದ ನೋಡುವವರಿಗೆ ಅದರಲ್ಲಿ ಕಾಣುವುದು ಆಕಾಶ ಮಾತ್ರ. ಅವನು ಗಾಜಿಗೆ ಅಂಗೈ ಬಡಿದ. “ಇಲ್ಲಿ! ಇಲ್ಲಿದೀನಿ ಕಣೆ!” ಎಂದು ಕೂಗಿದ.

ನೇರ ಕೆಳಗಿನ ಮಹಡಿಯ ತೆರೆದ ಕಿಟಕಿಯಿಂದ ಒಂದು ತೋಳು ಹೊರಬಂತು. ಬಿಳಿ ಅಂಗಿಯ ತೋಳು, ಅವನು ತೊಟ್ಟಿದ್ದಂಥದ್ದೇ. ಹಾರ್ನಿಗೆ ಹೊರಗೆ ಇಣುಕಿದ ಯಾರೋ ಇರಬೇಕು. ಅದು ಸಾವಕಾಶವಾಗಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಬೀಸಿತು.

ಹೆಂಡತಿಯ ಕಣ್ಣು ಅಲ್ಲಿ ನಿಂತಿತು. ಅವಳೂ ಕೈ ಬೀಸಿದಳು, ಮನಸ್ಸು ತುಂಬಿದವಳ ಹಾಗೆ. ಕನ್ನಡಿ ಸರಿಮಾಡಿ, ಒಂದು ಕಂಬಕ್ಕೂ ತಾಗಿಸದೆ ಕಾರನ್ನು ತಿರುವಿನಲ್ಲಿ ತಿರುಗಿಸಿಕೊಂಡು ಹೋದಳು.

ಬೆನ್ನ ಹಿಂದೆ ಸಣ್ಣದೊಂದು ಸದ್ದಾಯಿತು. ಅವನು ತಿರುಗಿದ. ಗೋಡೆಯ ಮೇಲೆ ಎಂಟು ಖಾಲಿ ಕುರ್ಚಿಗಳು ಹಸಿರಾಗಿ ಉರಿಯುತ್ತಿದ್ದವು. ಒಂಬತ್ತನೆಯ ಸಾಲು ಕೆಂಪಾಗಿತ್ತು, ಅದರ ಪಕ್ಕದಲ್ಲಿ ‘ಇಲ್ಲ’ ಎಂದಿತ್ತು. ಎತ್ತಿದ ಕೈ ಇನ್ನೂ ಎತ್ತಿದಂತೆಯೇ ಇತ್ತು, ಅದನ್ನು ಯಾವ ಕಡೆಗೆ ಬೀಸಬೇಕೆಂದು ತಿಳಿಯದೆ ಅವನು ಕಿಟಕಿಯ ಬಳಿ ನಿಂತಿದ್ದ.