ಗಾಳಿಯ ತಲೆಗೆ ಕಟ್ಟಿದ ಕಾಲುನೋವು

ಸರ್ಬಿಯಾದ ನಮ್ಮ ಲೆಸ್ಕೊವಾತ್ಸ್ ಊರಿನಲ್ಲಿ ಎಲ್ಲ ಕಾಯಿಲೆಗೂ ಕಾರಣ ಒಂದೇ: ಎದುರುಬದುರು ಬಾಗಿಲು ತೆರೆದಾಗ ಬೀಸುವ ಗಾಳಿ. ಹಲ್ಲುನೋವಿಗೂ ಅದೇ, ಕುತ್ತಿಗೆ ಹಿಡಿದರೂ ಅದೇ. ಹೀಗಾಗಿ, ಬೇಕರಿಯಲ್ಲಿ ನನ್ನ ಪಕ್ಕ ದಿನವಿಡೀ ನಿಂತು ಬುರೆಕ್ ಎಂಬ ಮಾಂಸ ತುಂಬಿದ ಪದರರೊಟ್ಟಿ ಕತ್ತರಿಸುವ ರಾದೊಯ್ಕಾಳ ಎಡಗಾಲಿನಲ್ಲಿ ರಕ್ತನಾಳಗಳು ಎರೆಹುಳುಗಳಂತೆ ಉಬ್ಬಿದಾಗ, ಅವಳ ಅತ್ತೆ ಸ್ತಾಮೆಂಕಾ ಬೇಕರಿಗೇ ಬಂದು ಹಿಂಬಾಗಿಲು ಮುಚ್ಚಿಸಿದಳು. ಒಲೆಯ ಝಳಕ್ಕೆ ನಾವೂ ರೊಟ್ಟಿಯೊಂದಿಗೆ ಬೆಂದೆವು.

“ಡಾಕ್ಟರ್ ಯಾಕೆ? ರಾಕಿಯಾ ಸಾರಾಯಿಯಲ್ಲಿ ಚೆಸ್ಟ್‌ನಟ್ ಕಾಯಿ ನೆನೆಹಾಕಿ ತಿಕ್ಕು, ಮೇಲೆ ಎಲೆಕೋಸಿನ ಎಲೆ ಕಟ್ಟು. ನಮ್ಮಮ್ಮ ಹಾಗೇ ಮಾಡ್ತಿದ್ಲು.”

“ನಿಮ್ಮಮ್ಮನಿಗೆ ವಾಸಿ ಆಯ್ತಾ, ಸ್ತಾಮೆಂಕಮ್ಮ?” ಎಂದೆ.

“ಸಾಯೋವರೆಗೂ ಎರಡು ಕಾಲೂ ಇದ್ವಲ್ಲ, ಇನ್ನೇನು ಬೇಕಿತ್ತು?”

ಗಿರಾಕಿಗಳೆಲ್ಲ ತಲೆದೂಗಿದರು. ಏನೂ ತಿಳಿಯದವರಿಗೆ ಇಷ್ಟು ಧೈರ್ಯ ಎಲ್ಲಿಂದ ಬರುತ್ತದೋ. ನನಗೆ ಗೊತ್ತಿರುವುದನ್ನು ಹೇಳಲೂ ನಾಲಗೆ ತಡವರಿಸುತ್ತದೆ. ಮೇಲೇರಿದ ರಕ್ತ ಮತ್ತೆ ಕೆಳಗಿಳಿಯದಂತೆ ತಡೆಯಲು ಕಾಲಿನ ನಾಳಗಳೊಳಗೆ ಸಣ್ಣ ಕವಾಟಗಳಿವೆ, ಅವು ಸಡಿಲವಾದರೆ ರಕ್ತ ಅಲ್ಲೇ ನಿಂತು ನಾಳ ಉಬ್ಬುತ್ತದೆ, ಎಲೆಕೋಸು ಅವನ್ನು ರಿಪೇರಿ ಮಾಡುವುದಿಲ್ಲ ಎಂದು ರಾದೊಯ್ಕಾಳಿಗೆ ಗುಟ್ಟಾಗಿ ಹೇಳಿದೆ.

“ಅತ್ತೆ ಬೇಜಾರ್ ಮಾಡ್ಕೋತಾರೆ ಕಣೇ,” ಎಂದಳು.

ಅತ್ತೆಯ ಸಂತೋಷಕ್ಕೆ ಕಾಲನ್ನೇ ಕಾಣಿಕೆ ಕೊಡುವವಳ ಮೇಲೆ ನನಗೆ ಮರುಕ ಹುಟ್ಟಲಿಲ್ಲ.

ಚಳಿಗಾಲ ಮುಗಿಯುವಷ್ಟರಲ್ಲಿ ಕಣಕಾಲಿನ ಒಳಬದಿಯ ಚರ್ಮ ಕಂದುಗಟ್ಟಿ, ಒಡೆದು ಹುಣ್ಣಾಗಿ ಒಸರತೊಡಗಿತು. ಕೊನೆಗೆ ನಾನೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಸ್ತಾಮೆಂಕಾ ಕರೆಯದೆಯೇ ಬಂದಳು.

“ಮೊದಲೇ ಬಂದಿದ್ರೆ ಲೇಸರ್ ಮಾಡಿ ಅವತ್ತೇ ಮನೆಗೆ ಕಳಿಸ್ತಿದ್ದೆ,” ಎಂದರು ಡಾಕ್ಟರ್. “ಈಗ ಬಿಗಿ ಪಟ್ಟಿ ಕಟ್ಟಿ ಹುಣ್ಣು ಮಾಯಿಸಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ. ನಿಂತ್ಕೊಂಡು ಮಾಡೋ ಕೆಲಸ ಸದ್ಯಕ್ಕೆ ಬೇಡ.”

“ಇವಳು ನನ್ನ ಮದ್ದನ್ನ ಸರಿಯಾಗಿ ತಿಕ್ಕಲೇ ಇಲ್ಲ,” ಎಂದಳು ಸ್ತಾಮೆಂಕಾ, ಕೊಂಚವೂ ನಾಚದೆ.

ರಾದೊಯ್ಕಾ ಅವಳತ್ತ ತಿರುಗಲಿಲ್ಲ. ಬಗ್ಗಿ ಬಲಗಾಲಿನ ಉದ್ದನೆಯ ಕಾಲುಚೀಲ ಕಳಚಿದಳು. ಮೊಣಕಾಲ ಹಿಂದೆ ಒಂದು ಸಣ್ಣ ನೀಲಿ ಗಂಟು.

“ಅದಕ್ಕೇನಾಗಿದೆ ಈಗ? ಚೆನ್ನಾಗೇ ಇದೆಯಲ್ಲ,” ಎಂದಳು ಅತ್ತೆ.

“ಅತ್ತೆ, ನೀವು ಹೊರಗಡೆ ಕೂತ್ಕೊಳ್ಳಿ,” ಎಂದಳು ರಾದೊಯ್ಕಾ. ಆ ಮನೆಯ ಸೊಸೆಯಾದಂದಿನಿಂದ ಅವಳು ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಡಾಕ್ಟ್ರೇ, ಇದನ್ನ ನೋಡಿ. ಇದಿನ್ನೂ ಕೆಟ್ಟಿಲ್ಲ.”

ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತರು.